ಕೆಜಿಎಫ್‌ನ ದುಡಿಮೆ ಯಾರ ಲೆಕ್ಕಕ್ಕೆ?

ಪ್ರತಿ ವರ್ಷ ಫೆಬ್ರುವರಿ ಕೊನೆಯ ವಾರ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಲಿಂಕುಗಳು ಬರತೊಡಗುತ್ತವೆ. ಕೋಲಾರದ ಚಿನ್ನದ ಗಣಿ, ಅಂದರೆ ಕೆಜಿಎಫ್ (ಕೋಲಾರ ಗೋಲ್ಡ್ ಫೀಲ್ಡ್ಸ್), ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಆ ನೆನಪಿಗೆ ಯಾವುದೋ ಪತ್ರಿಕೆ, ಯಾವುದೋ ಚಾನೆಲ್, ಇಲ್ಲವೇ ಕ್ಯಾಮೆರಾ ಹಿಡಿದು ಊರೂರು ಸುತ್ತುವ ಹುಡುಗರು ಒಂದು ವರದಿ ಮಾಡಿರುತ್ತಾರೆ. ಒಂದು ಕಾಲಕ್ಕೆ ಮಿನಿ ಇಂಗ್ಲೆಂಡ್ ಅನ್ನಿಸಿಕೊಂಡಿದ್ದ ಊರು ಇವತ್ತು ಹಾಳುಬಿದ್ದಿದೆ ಎನ್ನುವುದು ಅದರ ಧಾಟಿ. ಜೊತೆಗೆ ಬರುವ ಚಿತ್ರವೂ ಬದಲಾಗುವುದಿಲ್ಲ: ಗಣಿಯೊಳಗೆ ಇಳಿಯುವ ಬಾವಿಯ, ಅಂದರೆ ಶಾಫ್ಟಿನ, ತುಕ್ಕು ಹಿಡಿದ ಗೋಪುರ, ಅದರ ಹಿಂದೆ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಸುರಿದಾದ ಬೂದು ಬಣ್ಣದ ಸೈನೈಡ್ ಗುಡ್ಡ, ಮೇಲೆ ಬಿಸಿಲಿಗೆ ಬಿಳಿಚಿಕೊಂಡ ಆಕಾಶ. ಬೆಂಗಳೂರಿನ ಆಫೀಸಿನ ಗೆಳೆಯರು ಇದನ್ನು ಅಕ್ಕರೆಯಿಂದಲೇ ಕಳಿಸುತ್ತಾರೆ. ನಾನು ಬಂಗಾರಪೇಟೆಯವನು, ಕೆಜಿಎಫ್ ಪಕ್ಕದವನು, ಅದಕ್ಕೆ. ನಾನೂ ಪ್ರತಿ ಸಲ ತೆರೆದು ನೋಡುತ್ತೇನೆ, ಪ್ರತಿ ಸಲವೂ ಏನೋ ಚುಚ್ಚಿದಂತಾಗುತ್ತದೆ.

ಆ ಚಿತ್ರದಲ್ಲಿ ಜನ ಇರುವುದಿಲ್ಲ. 2011ರ ಜನಗಣತಿಯ ಪ್ರಕಾರ ಕೆಜಿಎಫ್ ಊರಿನ ರಾಬರ್ಟ್‌ಸನ್‌ಪೇಟೆ ನಗರಸಭೆಯ ವ್ಯಾಪ್ತಿಯಲ್ಲಿದ್ದವರು 1.62 ಲಕ್ಷ. ಗಣಿ ಮುಚ್ಚಿ ಹತ್ತು ವರ್ಷ ಕಳೆದ ಮೇಲಿನ ಲೆಕ್ಕ ಇದು. ಎಂಜಿ ಮಾರ್ಕೆಟ್ಟಿಗೆ ಭಾನುವಾರ ಕಾಲಿಟ್ಟವರಿಗೆ ಇದನ್ನು ಅಂಕಿಯಲ್ಲಿ ಹೇಳಬೇಕಾಗಿಲ್ಲ, ಭುಜಕ್ಕೆ ಭುಜ ತಾಗಿಸದೆ ನಡೆಯಲು ಜಾಗ ಸಿಗುವುದು ಕಷ್ಟ. ಇಷ್ಟು ಜನ ಇರುವ ಊರನ್ನು ಖಾಲಿ ಎಂದು ತೋರಿಸಲು ಶ್ರಮ ಪಡಬೇಕಾಗುತ್ತದೆ. ಆ ಶ್ರಮ ಹೇಗಿರುತ್ತದೆ ಎಂದು ಒಮ್ಮೆ ಹತ್ತಿರದಿಂದ ನೋಡಿದ್ದೇನೆ.

ಊರಿನ ಹೆಸರನ್ನೇ ಹೊತ್ತ ಸಿನಿಮಾ 2018ರ ಕೊನೆಯಲ್ಲಿ ಬಂದು, ದೇಶವೆಲ್ಲ ಆ ಮೂರು ಅಕ್ಷರ ಗೊತ್ತಾದ ಮೇಲಿನ ಮಾತು. (ಸಿನಿಮಾದ ಬಗ್ಗೆ ನನ್ನ ತಕರಾರಿಲ್ಲ. ಅದು ಕಟ್ಟುಕಥೆ, ಕಟ್ಟುಕಥೆಗೆ ಇರಬೇಕಾದ ಸ್ವಾತಂತ್ರ್ಯ ಅದಕ್ಕಿದೆ.) ಪರಿಚಯದವರೊಬ್ಬರ ಕಡೆಯ ಹುಡುಗರು ಕೆಜಿಎಫ್ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಬೇಕೆಂದು ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದರು. ದಾರಿ ತೋರಿಸಲು ನಾನು ಹೋದೆ. ಸೈನೈಡ್ ಗುಡ್ಡದ ಬುಡದಲ್ಲಿ ಒಂದು ಲೈನ್. ಸಾಲಾಗಿ ಒಂದಕ್ಕೊಂದು ಅಂಟಿಕೊಂಡ ಹಂಚಿನ, ತಗಡಿನ ಚಿಕ್ಕ ಮನೆಗಳು. ನಲ್ಲಿಯಲ್ಲಿ ನೀರು ಬಂದ ಹೊತ್ತು. ಹೆಂಗಸರು ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಓಡಾಡುತ್ತಿದ್ದರು, ಪರೀಕ್ಷೆ ಮುಗಿಸಿ ಬಂದ ಶಾಲೆ ಮಕ್ಕಳು ಗುಡ್ಡದ ಅಂಚಿನ ಕಾಲುದಾರಿಯಲ್ಲಿ ಸಾಲಾಗಿ ಇಳಿಯುತ್ತಿದ್ದರು. ಕ್ಯಾಮೆರಾ ಸ್ಟ್ಯಾಂಡ್ ಊರಿದ ಹುಡುಗ ಬಹಳ ವಿನಯದಿಂದಲೇ ಕೂಗಿದ, 'ಅಮ್ಮಾ, ಒಂದೈದು ನಿಮಿಷ ಆ ಕಡೆ ನಿಂತ್ಕೋತೀರಾ? ಫ್ರೇಮ್‌ಗೆ ಬರ್ತಿದ್ದೀರ.' ಅವರು ಬಿಂದಿಗೆ ಇಳಿಸಿ ಗೋಡೆಯ ಮರೆಗೆ ಸರಿದು ನಿಂತರು. ಮಕ್ಕಳನ್ನೂ ಯಾರೋ ತಡೆದು ನಿಲ್ಲಿಸಿದರು. ಆಗ ಗುಡ್ಡ, ಗೋಪುರ, ಗಾಳಿ ಇಷ್ಟೇ ಉಳಿದವು. ಹುಡುಗನಿಗೆ ಬೇಕಿದ್ದ ಚಿತ್ರ ಸಿಕ್ಕಿತು.

ಆಮೇಲೆ ಒಬ್ಬ ಹಿರಿಯರನ್ನು ಕೂರಿಸಿ ಮಾತಾಡಿಸಿದರು. ಚಾಂಪಿಯನ್ ರೀಫ್ ಗಣಿಯಲ್ಲಿ ಒಳಗಿನ ಕೆಲಸ ಮಾಡಿದವರು. ಅವರು ಮಾತು ಶುರು ಮಾಡಿದ್ದು ತಮ್ಮ ಮನೆ ಮುಂದಿನ ಚರಂಡಿಯಿಂದ. ಅದು ಗಣಿ ಕಂಪನಿ ಕಟ್ಟಿಸಿದ್ದು, ಕಂಪನಿ ಹೋಯಿತು, ನಗರಸಭೆಯವರನ್ನು ಕೇಳಿದರೆ ಜಾಗ ಕಂಪನಿಯದು ಅನ್ನುತ್ತಾರೆ ಎಂದರು. ಅಲ್ಲಿಂದ ಮನೆಯ ಹಕ್ಕುಪತ್ರಕ್ಕೆ ಬಂದರು. ಒಳಗಿನಿಂದ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳನ್ನು ತರಿಸಿ ತೊಡೆಯ ಮೇಲೆ ಹರಡಿಕೊಂಡರು. ಅರ್ಜಿಗಳು, ಅರ್ಜಿಗಳಿಗೆ ಸಿಕ್ಕ ಹಿಂಬರಹಗಳು, ಮಡಿಕೆಯ ಗೆರೆಯಲ್ಲೇ ಹರಿದುಹೋದ ಒಂದು ಜೆರಾಕ್ಸ್. ಹುಡುಗರು ಸಹನೆಯಿಂದ ಕೇಳಿಸಿಕೊಂಡು, 'ತಾತ, ನೀವು ಕೈಯಲ್ಲಿ ಚಿನ್ನ ಹಿಡಿದಿದ್ದೀರಾ? ಒಳಗಡೆ ಸಾವುಗಳನ್ನ ನೋಡಿದ್ದೀರಾ?' ಎಂದು ಕೇಳಿದರು. ಅವರು ರಾಕ್ ಬರ್ಸ್ಟ್ ಬಗ್ಗೆ ಹೇಳಿದರು. ಬಂಡೆ ಒತ್ತಡ ತಡೆಯಲಾರದೆ ಸಿಡಿಯುವುದು, ಮೇಲೆ ಊರಿನಲ್ಲಿ ಪಾತ್ರೆಗಳು ಅಲುಗಿದರೆ ಹೆಂಗಸರು ಶಾಫ್ಟಿನ ಕಡೆ ಓಡುವುದು. ಕೆಲವು ವಾರಗಳ ನಂತರ ವಿಡಿಯೋ ಬಂತು. ರಾಕ್ ಬರ್ಸ್ಟ್ ಇತ್ತು, ಅವರ ಕೆಮ್ಮು ಇತ್ತು. ಚರಂಡಿ ಇರಲಿಲ್ಲ, ಆ ಪ್ಲಾಸ್ಟಿಕ್ ಕವರೂ ಇರಲಿಲ್ಲ. ಆ ಹುಡುಗರು ಕೆಟ್ಟವರಲ್ಲ. ಹೊರಡುವ ಮೊದಲೇ ಅವರ ಮನಸ್ಸಿನಲ್ಲಿ ಚಿತ್ರ ತಯಾರಾಗಿತ್ತು, ಅದಕ್ಕೆ ಹೊಂದುವುದನ್ನು ಹುಡುಕಿಕೊಂಡು ಹೋದರು.

ಬೆಳಗಿನ ರೈಲು

ಕಾರಿನಲ್ಲಿ ಬರುವವರು ಊರು ತಲುಪುವ ಹೊತ್ತಿಗೆ ಹತ್ತೂವರೆ ಹನ್ನೊಂದಾಗಿರುತ್ತದೆ. ಆಗ ಲೈನುಗಳಲ್ಲಿ ವಯಸ್ಸಾದವರು, ಪುಟ್ಟ ಮಕ್ಕಳು, ನಾಯಿಗಳು. ದುಡಿಯುವ ವಯಸ್ಸಿನವರು ಕಾಣದಿರುವುದನ್ನು ನೋಡಿ ಊರು ಸತ್ತಿದೆ ಎಂದು ಬರೆದುಕೊಳ್ಳುತ್ತಾರೆ. ಅವರೆಲ್ಲ ಎಲ್ಲಿ ಹೋದರು ಎಂದು ತಿಳಿಯಬೇಕಾದರೆ ಬೆಳಕು ಹರಿಯುವ ಮೊದಲು ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ನಿಲ್ಲಬೇಕು. ಈ ಹಳಿ ಹಾಕಿದ್ದು 1894ರಲ್ಲಿ, ಬಂಗಾರಪೇಟೆಯ ಜಂಕ್ಷನ್ನಿನಿಂದ ಗಣಿಗಳಿಗೆ ಯಂತ್ರ, ಕಲ್ಲಿದ್ದಲು, ಮರ ಸಾಗಿಸಲು. ಇವತ್ತು ಅದೇ ಹಳಿಯ ಮೇಲೆ ಸಾವಿರಾರು ಜನ ದಿನವೂ ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸು ಬರುತ್ತಾರೆ.

ನಾನು ಬಂಗಾರಪೇಟೆಯಲ್ಲಿ ಹತ್ತುವಾಗ ಆ ರೈಲಿನಲ್ಲಿ ಸೀಟು ಇರುವುದಿಲ್ಲ. ಮೊದಲ ನಿಲ್ದಾಣದಲ್ಲಿ ಹತ್ತಿದವರಿಗೂ ಓಡಿದರೆ ಮಾತ್ರ ಸೀಟು. ಮೇಲಿನ ಸಾಮಾನು ಇಡುವ ಹಲಗೆಯ ಮೇಲೆ ಹುಡುಗರು ಮಲಗಿರುತ್ತಾರೆ, ಬಾಗಿಲ ಬಳಿ ಪೇಪರ್ ಹಾಸಿಕೊಂಡು ಗಂಡಸರು ಕೂತಿರುತ್ತಾರೆ. ಹೆಂಗಸರು ಕೂತಲ್ಲೇ ಹೂ ಕಟ್ಟುತ್ತಾರೆ, ರಾತ್ರಿ ಅಡುಗೆಗೆ ಹುರುಳಿಕಾಯಿ ನಾರು ತೆಗೆಯುತ್ತಾರೆ, ಚೀಟಿ ದುಡ್ಡು ಎಣಿಸುತ್ತಾರೆ. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಮಾತಿನೊಳಗೆ ಓಡಾಡುತ್ತವೆ. ಮಾಲೂರು ದಾಟುವ ತನಕ ಬಹುಪಾಲು ಬೋಗಿ ನಿದ್ದೆಯಲ್ಲಿರುತ್ತದೆ. ವೈಟ್‌ಫೀಲ್ಡ್ ಬಂದರೆ ಐಟಿ ಪಾರ್ಕುಗಳ ಹೌಸ್‌ಕೀಪಿಂಗ್‌ನವರು, ಸೆಕ್ಯುರಿಟಿಯವರು, ಕ್ಯಾಂಟೀನಿನವರು ಇಳಿಯುತ್ತಾರೆ. ಜೊತೆಗೆ ಟೈ ಕಟ್ಟಿಕೊಂಡು ಲ್ಯಾಪ್‌ಟಾಪ್ ಬ್ಯಾಗ್ ಹಾಕಿದ ಇಂಜಿನಿಯರ್ ಹುಡುಗರೂ ಇಳಿಯುತ್ತಾರೆ, ಅವರನ್ನು ಯಾವ ವರದಿಯೂ ಎಣಿಸುವುದಿಲ್ಲ. ಕೆ.ಆರ್. ಪುರದಲ್ಲಿ ಗಾರ್ಮೆಂಟ್ಸ್‌ನವರು, ಕಟ್ಟಡದ ಕೆಲಸದವರು. ಕಂಟೋನ್ಮೆಂಟಿನಲ್ಲಿ ಅಂಗಡಿಗಳಿಗೆ, ಆಸ್ಪತ್ರೆಗಳಿಗೆ ಹೋಗುವವರು. ನರ್ಸುಗಳು, ಫಿಟ್ಟರುಗಳು, ವೆಲ್ಡರುಗಳು. ಕೆಜಿಎಫ್‌ನ ಮೆಕ್ಯಾನಿಕ್ ಕೈ ಎಂದರೆ ಬೆಂಗಳೂರಿನ ವರ್ಕ್‌ಶಾಪುಗಳಲ್ಲಿ ಇವತ್ತಿಗೂ ಬೆಲೆ ಇದೆ. ಗಣಿಯ ಜೊತೆಗೆ 1964ರಲ್ಲಿ ಶುರುವಾದ ಸರ್ಕಾರಿ ಯಂತ್ರ ತಯಾರಿಕಾ ಕಂಪನಿ ಬಿಇಎಂಎಲ್‌ನ ಕಾರ್ಖಾನೆಯೂ ಆ ಕೈಗಳನ್ನು ಪಳಗಿಸಿತು.

ನಿತ್ಯ ಜೊತೆ ಪ್ರಯಾಣ ಮಾಡುತ್ತಿದ್ದ ಒಬ್ಬ ಅಕ್ಕ ಇದ್ದರು. ವೈಟ್‌ಫೀಲ್ಡ್‌ನ ಆಫೀಸೊಂದರಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್. ಮೂರೂವರೆಗೆ ಎದ್ದು, ಅನ್ನ ಸಾರು ಮಾಡಿ, ಮಗಳ ಡಬ್ಬಿ ಕಟ್ಟಿಟ್ಟು, ಕತ್ತಲಲ್ಲಿ ಅತ್ತೆಯ ಜೊತೆ ನಿಲ್ದಾಣದ ತನಕ ನಡೆದು ಬರುತ್ತಿದ್ದರು. ಮಾವ ಗಣಿಯಲ್ಲಿದ್ದವರು, ಶ್ವಾಸಕೋಶದ ಕಾಯಿಲೆಯಿಂದ ತೀರಿಕೊಂಡವರು. ಒಂದು ದಿನ ಪಕ್ಕದ ಹುಡುಗನ ಫೋನಿನಲ್ಲಿ ಇಂಥದ್ದೇ ಒಂದು ವಿಡಿಯೋ ಓಡುತ್ತಿತ್ತು. ಅದನ್ನು ನೋಡಿ ಆಕೆ ನನ್ನ ಕಡೆ ತಿರುಗಿ, 'ಇದನ್ನ ಟೀವೀಲಿ ಹಾಕಿದ್ರೆ ನಮ್ಮತ್ತೆ ಆಫ್ ಮಾಡಿಬಿಡ್ತಾರೆ ಅಣ್ಣ. ನಾವಿನ್ನೂ ಇಲ್ಲೇ ಇದ್ದೀವಲ್ಲ, ಯಾಕೆ ಹಿಂಗೆ ತೋರಿಸ್ತಾರೆ ಅಂತಾರೆ' ಅಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, 'ಮಗಳಿಗೆ ಕಾಲೇಜು ಫೀಸಿಗೆ ಲೋನ್ ಕೇಳೋಕೆ ಹೋದ್ರೆ ಲೈನ್ ಮನೆ ವಿಳಾಸ ನೋಡಿ ಸ್ವಂತ ಮನೇನಾ ಅಂದ್ರು. ಏನು ಹೇಳೋದು? ನಮ್ಮ ಮಾವ ಅಲ್ಲೇ ಹುಟ್ಟಿದ್ದು. ಕಾಗದ ಇಲ್ಲ' ಎಂದರು. ಮತ್ತೆ ಹೂ ಕಟ್ಟತೊಡಗಿದರು. ಆ ಎರಡು ಮಾತುಗಳಿಗೂ ಒಂದಕ್ಕೊಂದು ಸಂಬಂಧ ಇದೆ ಎಂದು ನನಗೆ ಆಗಲೇ ಅನ್ನಿಸಿತ್ತು. ಎಂಥ ಸಂಬಂಧ ಎಂದು ಯೋಚಿಸುತ್ತಾ ಹೋದಂತೆ ಈ ಬರಹ ಬೆಳೆಯಿತು.

ಮೊದಲ ಸ್ಥಾನ, ಕೊನೆಯ ಸ್ಥಾನ

ಚಿತ್ರಗಳದ್ದು ಒಂದು ಬಗೆಯಾದರೆ ಪಟ್ಟಿಗಳದ್ದು ಇನ್ನೊಂದು. ಪಟ್ಟಿಗೆ ಅಂಕಿಯ ಬಲ ಇರುವುದರಿಂದ ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಬಜೆಟ್ಟಿನ ಆಸುಪಾಸಿನಲ್ಲಿ ರಾಜ್ಯದ ಆರ್ಥಿಕ ಸಮೀಕ್ಷೆ ಬರುತ್ತದೆ, ಅದರಲ್ಲಿ ಜಿಲ್ಲಾವಾರು ತಲಾ ಆದಾಯ ಇರುತ್ತದೆ. ಬೆಂಗಳೂರು ನಗರ ಜಿಲ್ಲೆ ಎಲ್ಲರಿಗಿಂತ ಮೇಲೆ, ಕಲಬುರಗಿ ಎಲ್ಲರಿಗಿಂತ ಕೆಳಗೆ ಎನ್ನುವ ಸುದ್ದಿ ಮರುದಿನ ಪತ್ರಿಕೆಗಳಲ್ಲಿ ಓದುತ್ತೇವೆ. ಈ ತಲಾ ಆದಾಯ ಎನ್ನುವುದು ಮನೆಮನೆಗೆ ಹೋಗಿ ಸಂಬಳ ಕೇಳಿ ಬರೆದುಕೊಂಡ ಲೆಕ್ಕವಲ್ಲ. ಆ ಜಿಲ್ಲೆಯ ಗಡಿಯೊಳಗೆ ಒಂದು ವರ್ಷದಲ್ಲಿ ಎಷ್ಟು ಮೌಲ್ಯದ ಉತ್ಪಾದನೆ ಆಯಿತು ಎಂದು ಲೆಕ್ಕ ಹಾಕಿ, ಅದನ್ನು ಅಲ್ಲಿ ವಾಸವಾಗಿರುವ ಜನರ ಸಂಖ್ಯೆಯಿಂದ ಭಾಗಿಸುತ್ತಾರೆ. ಆದಾಯ ಎಲ್ಲಿ ಹುಟ್ಟಿತು ಎನ್ನುವುದಷ್ಟೇ ಗಣನೆಗೆ ಬರುತ್ತದೆ, ಅದು ಯಾರ ಮನೆಗೆ ಹೋಯಿತು ಎನ್ನುವುದು ಬರುವುದಿಲ್ಲ.

ಇದನ್ನು ಆ ರೈಲಿಗೆ ಅನ್ವಯಿಸಿ ನೋಡಿ. ಅಕ್ಕ ವೈಟ್‌ಫೀಲ್ಡ್‌ನಲ್ಲಿ ಎಂಟು ಗಂಟೆ ದುಡಿಯುತ್ತಾರೆ. ಆ ದುಡಿಮೆಯ ಮೌಲ್ಯ ಬೆಂಗಳೂರು ನಗರ ಜಿಲ್ಲೆಯ ಉತ್ಪನ್ನಕ್ಕೆ ಸೇರುತ್ತದೆ. ರಾತ್ರಿ ಬಂದು ಮಲಗುವುದು ಕೋಲಾರ ಜಿಲ್ಲೆಯಲ್ಲಿ, ಹಾಗಾಗಿ ಭಾಗಿಸುವಾಗ ಅವರ ತಲೆ ಕೋಲಾರದ ಲೆಕ್ಕಕ್ಕೆ. ಮೇಲಿನ ಅಂಕಿಯಲ್ಲಿ ಅವರು ಬೆಂಗಳೂರನ್ನು ಎತ್ತುತ್ತಾರೆ, ಕೆಳಗಿನ ಅಂಕಿಯಲ್ಲಿ ಕೋಲಾರವನ್ನು ಇಳಿಸುತ್ತಾರೆ. ಒಬ್ಬರ ಒಂದೇ ದಿನ ಎರಡು ಜಿಲ್ಲೆಗಳ ನಡುವಿನ ಅಂತರವನ್ನು ಎರಡೂ ಕಡೆಯಿಂದ ಹಿಗ್ಗಿಸುತ್ತದೆ. ಲೆಕ್ಕ ಹಾಕುವವರು ಮೋಸ ಮಾಡುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ. ಉತ್ಪಾದನೆ ಅಳೆಯಲು ಆ ಪದ್ಧತಿ ಸರಿಯೇ ಇದೆ. ಅದನ್ನು ಊರೊಂದರ ಜನರ ಯೋಗ್ಯತಾಪತ್ರದಂತೆ ಓದುವುದು ತಪ್ಪು. ಇನ್ನು ಕೋಲಾರದೊಳಗೇ ನರಸಾಪುರ, ಮಾಲೂರು ಕಡೆ ಹೊಸ ಕಾರ್ಖಾನೆಗಳು ಬಂದಿವೆ, ಬೈಕು ಮೊಬೈಲು ತಯಾರಾಗುತ್ತವೆ. ಅವುಗಳ ಉತ್ಪನ್ನ ಜಿಲ್ಲೆಯ ಸರಾಸರಿಯನ್ನು ಮೇಲೆತ್ತಿದಾಗ ಕೆಜಿಎಫ್‌ನ ಲೈನುಗಳೂ ಕಾಗದದ ಮೇಲೆ ಮೇಲೇರುತ್ತವೆ. ಹೀಗೆ ಇಳಿದಾಗಲೂ ಏರಿದಾಗಲೂ ಆ ಅಂಕಿಯಿಂದ ಊರಿನ ಬಗ್ಗೆ ತಿಳಿಯುವುದು ಬಹಳ ಕಡಿಮೆ.

ಕೇಂದ್ರ ಸರ್ಕಾರದ 'ಸುಲಲಿತ ಜೀವನ' (ಈಸ್ ಆಫ್ ಲಿವಿಂಗ್) ಸೂಚ್ಯಂಕದ 2020ರ ಪಟ್ಟಿಯಲ್ಲಿ 111 ನಗರಗಳಿದ್ದವು. ಸ್ಮಾರ್ಟ್ ಸಿಟಿಗಳು ಮತ್ತು ಹತ್ತು ಲಕ್ಷ ಮೀರಿದ ನಗರಗಳಿಗೆ ಮಾತ್ರ ಅದರಲ್ಲಿ ಜಾಗ. ದೊಡ್ಡ ನಗರಗಳ ಪೈಕಿ ಬೆಂಗಳೂರು ಮೊದಲು ಬಂತು. ಕೆಜಿಎಫ್ ಆ ಪಟ್ಟಿಯಲ್ಲೇ ಇಲ್ಲ. ಬದುಕಲು ದೇಶದಲ್ಲೇ ಸುಲಭವಾದ ದೊಡ್ಡ ಊರನ್ನು ಗುಡಿಸಿ, ಒರೆಸಿ, ಕಾವಲು ಕಾದು, ಆಸ್ಪತ್ರೆಯ ವಾರ್ಡುಗಳಲ್ಲಿ ರೋಗಿಗಳನ್ನು ನೋಡಿಕೊಂಡು ಬರುವವರು ರಾತ್ರಿ ಮಲಗುವ ಊರಿಗೆ ಅಳತೆಯೇ ಇಲ್ಲ. ಪಟ್ಟಿಯ ತುದಿಯ ಸಂತೋಷ ಎಲ್ಲರಿಗೂ ಗೊತ್ತು, ಅದಕ್ಕಾಗಿ ಮೂರೂವರೆಗೆ ಏಳುವವರ ಜೀವನ ಎಷ್ಟು ಸುಲಲಿತ ಎಂದು ಯಾರೂ ಕೇಳಿಲ್ಲ.

ಗಣಿ ಊರುಗಳು ಪಟ್ಟಿಗೆ ಸೇರಿದಾಗ ಏನಾಗುತ್ತದೆ ಎನ್ನುವುದಕ್ಕೆ ಧನ್‌ಬಾದ್ ಇದೆ. ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರದ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳಿದ್ದವು. ನಮ್ಮ ಮೈಸೂರು ಮೊದಲ ಸ್ಥಾನ, ಕಲ್ಲಿದ್ದಲಿನ ಧನ್‌ಬಾದ್ ಕೊನೆಯ ಸ್ಥಾನ, ಅದರ ಮೇಲೆ ಇನ್ನೊಂದು ಕಲ್ಲಿದ್ದಲಿನ ಊರು ಆಸನ್ಸೋಲ್. ನಾವೆಲ್ಲ ಹೆಮ್ಮೆ ಪಟ್ಟೆವು, ನಾನೂ ಪಟ್ಟೆ. ಮೈಸೂರಿನ ಪೌರಕಾರ್ಮಿಕರ ದುಡಿಮೆಗೆ ಆ ಗೌರವ ಸಲ್ಲಬೇಕಾದ್ದೇ. ಆದರೆ ಧನ್‌ಬಾದ್ ಪಕ್ಕದ ಝರಿಯಾದಲ್ಲಿ ನೆಲದಡಿಯ ಕಲ್ಲಿದ್ದಲಿಗೆ ಬೆಂಕಿ ಬಿದ್ದದ್ದು ಗೊತ್ತಾದದ್ದು 1916ರಲ್ಲಿ. ಇವತ್ತಿಗೂ ಉರಿಯುತ್ತಿದೆ. ಅಲ್ಲಿನ ಕಲ್ಲಿದ್ದಲು ದೂರದೂರದ ಉಕ್ಕಿನ ಕಾರ್ಖಾನೆಗಳಿಗೆ ಹೋಗುತ್ತದೆ, ಬೂದಿ ಮತ್ತು ಹೊಗೆ ಅಲ್ಲೇ ಉಳಿಯುತ್ತವೆ. ಈ ಎರಡು ಊರುಗಳನ್ನು ಒಂದೇ ಅಳತೆಗೋಲಿನ ಪಕ್ಕ ನಿಲ್ಲಿಸಿದಾಗ ಯಾರ ಕೊಳೆಯನ್ನು ಯಾರು ಹೊತ್ತಿದ್ದಾರೆ ಎನ್ನುವುದು ಕಾಣದೆ ಹೋಗುತ್ತದೆ.

ಮೈಸೂರಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ನಗರವನ್ನು ಅಂದಗೊಳಿಸಲು ಅಲ್ಲಿ 1903ರಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಅಗಲವಾದ ರಸ್ತೆ, ಚರಂಡಿ, ಉದ್ಯಾನಗಳ ಆ ಬುನಾದಿ ಇವತ್ತಿನ ಸ್ವಚ್ಛತೆಗೂ ಆಧಾರ. ಅದೇ ಕಾಲದಲ್ಲಿ ಸಂಸ್ಥಾನದ ಬೊಕ್ಕಸಕ್ಕೆ ಬರುತ್ತಿದ್ದ ದೊಡ್ಡ ಆದಾಯಗಳಲ್ಲಿ ಒಂದು ಕೋಲಾರದ ಚಿನ್ನದ ರಾಯಧನ. ಒಂದು ಊರಿನ ನೆಲದಡಿಯಿಂದ ಹೊರಟದ್ದು ಇಡೀ ಸಂಸ್ಥಾನವನ್ನು ಕಟ್ಟಲು ನೆರವಾಯಿತು. ಕೊಟ್ಟ ಊರಿನಲ್ಲಿ ಗಣಿ ಕಾಲನಿಗಳ ಶೌಚಾಲಯಗಳು ಒಣ ಶೌಚಾಲಯಗಳಾಗಿಯೇ ಉಳಿದವು. ಮಲ ಹೊರುವುದನ್ನು ನಿಷೇಧಿಸಿ 1993ರಲ್ಲಿ ಕಾನೂನು ಬಂದ ಮೇಲೂ ಎಷ್ಟೋ ವರ್ಷ ಇಲ್ಲಿ ಅದು ನಿಲ್ಲಲಿಲ್ಲ. ಪಟ್ಟಿಯಲ್ಲಿ ಒಂದು ಊರಿನ ಸ್ಥಾನ ನೋಡುವಾಗ ಈ ಚರಿತ್ರೆಯನ್ನೂ ಜೊತೆಗೆ ಓದಬೇಕೆಂದು ನನಗೆ ಅನ್ನಿಸುತ್ತದೆ.

ಯಾರ ಇಂಗ್ಲೆಂಡ್

ಹಾಳುಬಿದ್ದ ಊರು ಎನ್ನುವ ಚಿತ್ರ ನಿಲ್ಲುವುದೇ ಅದಕ್ಕೆ ಮುಂಚಿನ ವೈಭವದ ಚಿತ್ರದ ಮೇಲೆ. ವೈಭವ ಸುಳ್ಳಲ್ಲ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿ ಕಾಲಿಟ್ಟ ಮೇಲೆ ಇಲ್ಲಿ ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು, ಆಸ್ಪತ್ರೆ, ಹೆಂಚಿನ ಬಂಗಲೆಗಳು ಎದ್ದವು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದದ್ದು ಮೂರು ವರ್ಷ ಆಮೇಲೆ, 1905ರಲ್ಲಿ. ಬೇತಮಂಗಲದ ಕೆರೆಯಿಂದ ಕುಡಿಯುವ ನೀರು ಬಂತು. ಈ ಸಂಗತಿಗಳು ಪ್ರತಿ ವರದಿಯಲ್ಲೂ ಇರುತ್ತವೆ.

ಆ ದೀಪ ಉರಿದದ್ದು ಗಣಿಯ ಯಂತ್ರಗಳಿಗೆ ಮತ್ತು ಬಂಗಲೆಗಳಿಗೆ. ಒಂದು ಕಾಲಕ್ಕೆ ಇಲ್ಲಿ 30,000ಕ್ಕೂ ಹೆಚ್ಚು ಕೆಲಸಗಾರರಿದ್ದರು. ಬಹುಪಾಲು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯಿಂದ ಬಂದ, ಜಾತಿಯ ಕೆಳಮೆಟ್ಟಿಲಲ್ಲಿ ಇಟ್ಟಿದ್ದ ಜನ. ಅವರಿಗೆ ಸಿಕ್ಕಿದ್ದು ಬಿದಿರ ತಟ್ಟಿಯ ಗುಡಿಸಲು, ಆಮೇಲೆ ಒಂದು ಕೋಣೆಯ ಲೈನ್ ಮನೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಅಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಕಲ್ಲಿನ ಸಣ್ಣ ಪುಡಿ ಎದೆಗೆ ಹೊಕ್ಕು ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತಿತ್ತು. ಬೆರಳಚ್ಚು ತೆಗೆದುಕೊಂಡು ಹೆಸರು ನೋಂದಾಯಿಸಬೇಕೆಂದು ಕಂಪನಿ ಹೊರಟಾಗ 1930ರಲ್ಲಿ ಕೆಲಸಗಾರರು ಮುಷ್ಕರ ಹೂಡಿದರು. ನಮ್ಮನ್ನು ಅಪರಾಧಿಗಳಂತೆ ಕಾಣುತ್ತಿದ್ದೀರಿ ಎನ್ನುವುದು ಅವರ ಸಿಟ್ಟು. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಈ ಜನರ ಕೈದಾಟಿ ಹೋಯಿತು. ಇವರ ಮೊಮ್ಮಕ್ಕಳಿಗೆ 'ನಿಮ್ಮೂರು ಇಂಗ್ಲೆಂಡಿನಂತಿತ್ತಂತೆ, ಈಗ ನೋಡಿ ಹೇಗಾಗಿದೆ' ಎಂದು ಹೇಳಿದರೆ ಅವರು ಏನೆಂದುಕೊಳ್ಳಬೇಕು? ಆ ಇಂಗ್ಲೆಂಡಿನೊಳಗೆ ಅವರ ಅಜ್ಜಂದಿರಿಗೆ ಪ್ರವೇಶ ಇರಲಿಲ್ಲ. ಅವರ ಮಟ್ಟಿಗೆ ಕಳೆದುಹೋದದ್ದು ತಿಂಗಳ ಸಂಬಳ, ಕಂಪನಿಯ ಆಸ್ಪತ್ರೆ, ರೇಷನ್ನು, ಮಗನಿಗೂ ಕೆಲಸ ಸಿಗುತ್ತದೆ ಎನ್ನುವ ಭರವಸೆ. ಈ ನಷ್ಟ ಬಂಗಲೆಯ ಹೆಂಚು ಉದುರಿದ ಚಿತ್ರದಲ್ಲಿ ಕಾಣುವುದಿಲ್ಲ.

ಒಳ್ಳೆಯ ಸಂಗತಿಗಳಲ್ಲೂ ಹೀಗೆಯೇ ಆಯ್ಕೆ ನಡೆಯುತ್ತದೆ. 1965ರಲ್ಲಿ ವಾತಾವರಣದ ನ್ಯೂಟ್ರಿನೊ ಎಂಬ, ಹಿಡಿಯಲು ಬಲು ಕಷ್ಟವಾದ ಸೂಕ್ಷ್ಮ ಕಣಗಳನ್ನು ಜಗತ್ತಿನಲ್ಲಿ ಮೊದಲಿಗೆ ಗುರುತಿಸಿದ ಪ್ರಯೋಗಗಳಲ್ಲಿ ಒಂದು ನಡೆದದ್ದು ಇದೇ ಗಣಿಯ ಆಳದಲ್ಲಿ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು, ಜಪಾನಿನ ಒಸಾಕ ಸಿಟಿ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳವರು ಕೂಡಿ ಮಾಡಿದ್ದು. ಅಷ್ಟು ಆಳಕ್ಕೆ ಯಂತ್ರಗಳನ್ನು ಇಳಿಸಿ, ಬಂಡೆಗೆ ಆಧಾರ ಕೊಟ್ಟು, ಗಾಳಿ ಆಡುವಂತೆ ಮಾಡಿ, ವಿಜ್ಞಾನಿಗಳನ್ನು ಗಣಿಯ ಲಿಫ್ಟಾದ ಕೇಜಿನಲ್ಲಿ ಕ್ಷೇಮವಾಗಿ ಇಳಿಸಿ ಹತ್ತಿಸಲು ಗಣಿಯ ಕೆಲಸಗಾರರ ಕಸುಬು ಬೇಕಿತ್ತು. ನಮ್ಮ ಶಾಲೆಯ ವಿಜ್ಞಾನದ ಪಾಠದಲ್ಲಿ ಇದರ ಸುಳಿವೇ ಇರಲಿಲ್ಲ, ಹತ್ತಿಪ್ಪತ್ತು ಕಿಲೋಮೀಟರ್ ದೂರದಲ್ಲಿ ನಡೆದದ್ದಾದರೂ.

ಖಾಲಿ ಎಂದರೆ ಅನುಕೂಲ

ಚಿತ್ರ ತಪ್ಪಾದರೆ ಏನಾಯಿತು, ಊರಿನವರಿಗೆ ಬೇಜಾರಾಗಬಹುದು ಅಷ್ಟೇ ಅಲ್ಲವೇ ಎಂದು ಒಬ್ಬ ಗೆಳೆಯ ಕೇಳಿದ. ಅವನಿಗೆ 2012ರ ಘಟನೆಯನ್ನು ನೆನಪಿಸಿದೆ. ಕೂಡಂಕುಳಂ ಅಣುವಿದ್ಯುತ್ ಸ್ಥಾವರದ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿತ್ತು. ಅಣುತ್ಯಾಜ್ಯವನ್ನು ಎಲ್ಲಿಡುತ್ತೀರಿ ಎಂಬ ಪ್ರಶ್ನೆ ಬಂದಾಗ ಕೇಂದ್ರದ ಕಡೆಯಿಂದ ಕೋಲಾರದ ಪಾಳುಬಿದ್ದ ಚಿನ್ನದ ಗಣಿಗಳ ಹೆಸರು ಬಂತು. ಸುದ್ದಿ ಬಂದ ಕೂಡಲೇ ಕೆಜಿಎಫ್ ಬೀದಿಗಿಳಿಯಿತು. ಅಂಗಡಿ ಮುಚ್ಚಿದವು, ಪಕ್ಷಭೇದ ಇಲ್ಲದೆ ಜನ ಸೇರಿದರು, ರಾಜ್ಯ ಸರ್ಕಾರವೂ ವಿರೋಧಿಸಿತು. ಅಂಥ ಯೋಜನೆ ಇಲ್ಲ ಎಂಬ ಸ್ಪಷ್ಟನೆ ಕೊನೆಗೆ ಬಂತು. ಆದರೆ ದೆಹಲಿಯ ಕೋರ್ಟಿನಲ್ಲಿ ಆ ಹೆಸರು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಹೇಗೆ? ಆ ಶಾಫ್ಟುಗಳ ಬಾಯಿಯಿಂದ ಕೂಗಳತೆಯಲ್ಲಿ ಲೈನುಗಳಿವೆ, ಶಾಲೆಗಳಿವೆ, 1.62 ಲಕ್ಷ ಜನರಿದ್ದಾರೆ. ಹನ್ನೊಂದು ವರ್ಷ ಎಡೆಬಿಡದೆ ಪಾಳು ಊರು ಎಂದು ತೋರಿಸುತ್ತಾ ಬಂದ ಮೇಲೆ, ಅಲ್ಲಿ ಜನ ಇದ್ದಾರೆ ಎನ್ನುವುದು ನಿರ್ಧಾರ ಮಾಡುವವರ ನೆನಪಿಗೆ ಬರುವುದಿಲ್ಲ. ಅಕ್ಕನ ಅತ್ತೆ ಟೀವಿ ಆರಿಸುವುದಕ್ಕೂ ಲೋನಿನ ಕೌಂಟರಿನಲ್ಲಿ ಅಕ್ಕ ಉತ್ತರವಿಲ್ಲದೆ ನಿಂತದ್ದಕ್ಕೂ ನಾನು ಕಂಡ ಸಂಬಂಧ ಇದೇ. ಖಾಲಿ ಊರಿಗೆ ಹಕ್ಕುಪತ್ರ ಕೊಡುವ ತುರ್ತು ಯಾರಿಗಿರುತ್ತದೆ? ಖಾಲಿ ಊರಿನ ಚರಂಡಿ ಯಾವ ಇಲಾಖೆಯ ಕೆಲಸ?

ಈಗ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಹತ್ತಿರ ಹಾಯುತ್ತಿದೆ, ಮಾರಿಕುಪ್ಪಂನಿಂದ ಆಂಧ್ರದ ಕುಪ್ಪಂಗೆ ಹಳಿ ಜೋಡಿಸುವ ಕೆಲಸ ವರ್ಷಗಳಿಂದ ಸಾಗಿದೆ. ಇದ್ದಕ್ಕಿದ್ದಂತೆ ನಮ್ಮ ಕಡೆಯ ಬಯಲು ಸೈಟುಗಳ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತಿದೆ. ಅಲ್ಲೂ ಜನ ಇಲ್ಲ. ಹಸಿರು ಹುಲ್ಲು, ಬಣ್ಣದ ಗೇಟು, ವಿಶಾಲ ಆಕಾಶ. ದುಃಖದ ಚಿತ್ರಕ್ಕೂ ಮಾರಾಟದ ಚಿತ್ರಕ್ಕೂ ಬೇಕಾಗಿರುವುದು ಒಂದೇ ಖಾಲಿ ಜಾಗ.

ಇನ್ನೊಂದು ಸುದ್ದಿ ಇದಕ್ಕಿಂತ ದೊಡ್ಡದು. ಗಣಿಯ 13 ಗುಡ್ಡಗಳಲ್ಲಿ, ಸುಮಾರು 1,003 ಎಕರೆಯಲ್ಲಿ, ಅರೆದು ಚಿನ್ನ ತೆಗೆದ ಮೇಲೆ ಉಳಿದ ಸುಮಾರು 3.3 ಕೋಟಿ ಟನ್ ಪುಡಿ ಇದೆ. ಅದರೊಳಗೆ ಉಳಿದಿರುವ ಚಿನ್ನವನ್ನು ಮತ್ತೆ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನಿನಲ್ಲಿ ಒಪ್ಪಿಗೆ ಕೊಟ್ಟಿತು. ಕೆಜಿಎಫ್‌ಗೆ ಮತ್ತೆ ಸುವರ್ಣಯುಗ ಎನ್ನುವ ವರದಿಗಳು ಆಗಲೇ ಬಂದವು. ಹಾಳಿನ ಕಥೆಯಷ್ಟೇ ಬೇಗ ಈ ಕಥೆಯೂ ತಯಾರಾಯಿತು. ನನಗೆ ಕೆಲಸ ಬರುವುದು ಬೇಕು, ಲೈನಿನ ಮಕ್ಕಳು ನಸುಕಿನ ರೈಲು ಹತ್ತದೆ ಊರಿನಲ್ಲೇ ದುಡಿಯುವಂತಾಗುವುದು ಬೇಕು. ಹಾಗೆ ಬೇಕೆನ್ನುವವರಿಗೆ ಕೇಳಲು ಬಹಳ ಇದೆ. ಬೇಸಿಗೆಯ ಗಾಳಿಗೆ ಆ ಪುಡಿ ಈಗಾಗಲೇ ಅನ್ನದ ತಟ್ಟೆಯ ತನಕ ಬರುತ್ತದೆ. ಗುಡ್ಡಗಳನ್ನು ಅಗೆಯತೊಡಗಿದರೆ ಅದನ್ನು ತಡೆಯುವುದು ಹೇಗೆ, ಗಾಳಿಯಲ್ಲಿ ಎಷ್ಟಿದೆ ಎಂದು ದಿನದಿನವೂ ಅಳೆದು ಊರಿನವರಿಗೆ ಕಾಣುವಂತೆ ಬರೆದು ಹಾಕುವವರು ಯಾರು? ಮತ್ತೆ ಸೈನೈಡ್ ಬಳಸುವುದಾದರೆ ಆ ನೀರು ಯಾವ ಹಳ್ಳಕ್ಕೆ ಹೋಗುತ್ತದೆ? ಕೆಲಸ ಗುತ್ತಿಗೆಯದೋ ಕಾಯಮ್ಮೋ, ಎಷ್ಟು ಜನಕ್ಕೆ, ಅದರಲ್ಲಿ ಗಣಿಯವರ ಮಕ್ಕಳಿಗೆ ಎಷ್ಟು? ಗುಡ್ಡಗಳನ್ನು ಹರಾಜು ಹಾಕುವ ಮೊದಲು ಅವುಗಳ ಬುಡದ ಲೈನುಗಳ ಮನೆಗಳಿಗೆ ಹಕ್ಕುಪತ್ರ ಸಿಗುತ್ತದೆಯೇ, ಅಥವಾ ಕಾಗದವಿಲ್ಲದವರೆಂದು ಅವರನ್ನೇ ಮೊದಲು ಎಬ್ಬಿಸುತ್ತಾರೆಯೇ? ಮುಂದಿನ ಫೆಬ್ರುವರಿಯಲ್ಲಿ ಕ್ಯಾಮೆರಾ ತರುವವರು ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ಜಿಲ್ಲಾಧಿಕಾರಿಗಳ ಕಚೇರಿಗೆ, ಗಣಿ ಸಚಿವಾಲಯಕ್ಕೆ ಹಿಡಿದುಕೊಂಡು ಹೋಗಿ, ಸಿಕ್ಕ ಉತ್ತರವನ್ನು ವರದಿಯಲ್ಲಿ ಹಾಕಲಿ. ಹುಡುಕಿಕೊಂಡು ಬಂದರೆ ಆ ಹಿರಿಯರ ಮನೆಯ ದಾರಿ ನಾನು ತೋರಿಸುತ್ತೇನೆ, ಅವರ ಕಾಗದಗಳ ಕವರು ಒಳಗೆ ತಯಾರಾಗಿಯೇ ಇದೆ.